ನೆಲದಡಿಯ ಹಕ್ಕಿ

ಸಂಶಯ ನನ್ನ ಹುಟ್ಟುಗುಣ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೇಗೂ ಸೌದಿಯ ಈ ಜುಬೈಲಿನಲ್ಲಿ ನನ್ನನ್ನು ಬಲ್ಲವರೆಲ್ಲ ಅದನ್ನೇ ಹೇಳುತ್ತಾರೆ. ಹಾಲಿನ ಡಬ್ಬಿಯ ತಾರೀಕು ಮುಗಿಯಲು ಇನ್ನೂ ನಾಲ್ಕು ದಿನ ಇದ್ದರೂ ಮೂಸಿ ನೋಡದೆ ಚಹಾಕ್ಕೆ ಹಾಕುವವಳಲ್ಲ. ಮೀನಿನವನು ವಲ್ಲಾಹಿ ಎಂದು ಆಣೆಯಿಟ್ಟರೂ ಕಿವಿರು ಬಿಡಿಸಿ ನೋಡದೆ ಅಂಜಲ್ ಕೊಳ್ಳುವವಳಲ್ಲ. ಇಲ್ಲಿ ಉಳಿಯಲು ಬೇಕಾದ ಪರವಾನಗಿ, ಇಕಾಮಾ, ನವೀಕರಣವಾಯಿತೆಂದು ಫೋನಿಗೆ ಸಂದೇಶ ಬಂದರೆ, ಅದು ನಿಜವೇ ಎಂದು ಇವರಿಂದ ಮೂರು ಸಲ ನೋಡಿಸುತ್ತೇನೆ. ಇವರು ಎಂದರೆ ನನ್ನ ಯಜಮಾನರು, ಇಲ್ಲಿನ ಒಂದು ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲಿ ಆಪರೇಟರ್. ಇಷ್ಟು ವರ್ಷ ಅವರ ಮೇಲೆ ಮಾತ್ರ ಸಂಶಯಪಡಲು ಆಸ್ಪದವೇ ಸಿಕ್ಕಿರಲಿಲ್ಲ. ಬೆಳಿಗ್ಗೆ ಕಂಪೆನಿ ಬಸ್ಸು ಹೊತ್ತೊಯ್ಯುತ್ತದೆ, ಸಂಜೆ ತಂದು ಇಳಿಸುತ್ತದೆ. ನಡುವೆ ಅವರು ಎಲ್ಲಿಗೆ ಹೋದಾರು?

ಹಾಗಿರುವಾಗ ಹೊಸ ಯಂತ್ರದ ತರಬೇತಿಗೆಂದು ಇವರನ್ನು ಮೂರು ವಾರ ಜಪಾನಿನ ಒಸಾಕಾಕ್ಕೆ ಕಳುಹಿಸಿದರು. ತರಬೇತಿ ಊರ ಹೊರಗೆ, ಉಳಿಯುವ ಕೋಣೆ ಊರ ಅಂಚಿನಲ್ಲಿ, ನಡುವೆ ರೈಲು. ಅಲ್ಲಿ ಸಂಜೆಯಾದಾಗ ಇಲ್ಲಿ ಮಧ್ಯಾಹ್ನ. ನಾನು ಮಸಾಲೆ ಅರೆಯುವ ಹೊತ್ತಿಗೆ ಫೋನು. ಮೊದಲ ದಿನವೇ ನನಗೆ ವಾಸನೆ ಬಡಿಯಿತು. ಈ ಮನುಷ್ಯ ಬಸ್ಸಿನಲ್ಲಿ ಕೂತು ಫೋನು ಮಾಡಿದರೆ, ನಮ್ಮ ಮನೆಯಲ್ಲಿ ಇವತ್ತು ಎಂತ ಸಾರು ಎಂದು ಕೊನೆಯ ಸೀಟಿನವನಿಗೂ ಗೊತ್ತಾಗಬೇಕು. ಅಂಥವರು ಪಿಸುಗುಟ್ಟುತ್ತಿದ್ದಾರೆ!

“ರೈಲಿನಲ್ಲಿದ್ದೇನೆ. ಇಲ್ಲಿ ರೈಲಿನೊಳಗೆ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಇಡ್ತೇನೆ.”

ಒಂದು ರೈಲಿನ ತುಂಬ ಜನ ಬಾಯಿಮುಚ್ಚಿ ಕೂತಿರುತ್ತಾರಂತೆ, ನಾನು ನಂಬಬೇಕಂತೆ.

ಮರುದಿನ ಇಳಿದ ಮೇಲೆಯೇ ಫೋನು ಮಾಡಿದರು. “ಈಗಷ್ಟೇ ಮೆಟ್ರೋ ಇಳಿದೆ” ಎಂದರು.

“ಹತ್ತಿದ್ದು ರೈಲಲ್ವಾ? ಮೆಟ್ರೋಗೆ ಎಲ್ಲಿ ಬದಲಾಯಿಸಿದಿರಿ?”

“ಎಲ್ಲಿಯೂ ಇಲ್ಲ ಮಾರಾಯ್ತಿ, ಕೂತಲ್ಲೇ ಇದ್ದೆ. ಅದೇ ರೈಲು ನೆಲದ ಅಡಿಗೆ ಹೋಗಿ ಮೆಟ್ರೋ ಆಗ್ತದೆ.”

ಇಷ್ಟು ಚಂದದ ಸುಳ್ಳು ಹೇಳಲು ಇವರು ಯಾವಾಗ ಕಲಿತರು ಎಂದು ಯೋಚಿಸುತ್ತಿರುವಾಗಲೇ ಅವರ ಹಿಂದೆ ಒಂದು ಹಕ್ಕಿ ಕೂಗಿತು. ಸ್ಪಷ್ಟವಾಗಿ, ಎರಡು ಸಲ. ಕೇಳಿದರೆ, “ಸ್ಟೇಷನ್ನಿನದ್ದು” ಎಂದರು.

ನಾನು ನೇರ ಎದುರು ಮನೆಗೆ ಹೋದೆ. ಅಲ್ಲಿರುವುದು ಕುಂದಾಪುರದ ಫ್ಲಾವಿಯಾ. ನನ್ನ ಸಂಶಯಗಳಿಗೆಲ್ಲ ಗೊಬ್ಬರ ಹಾಕುವವಳು. “ನೆಲದ ಅಡಿಯಲ್ಲಿ ಎಂತ ಹಕ್ಕಿ ಮಾರಾಯ್ತಿ? ಹಕ್ಕಿ ಇರುವುದು ಪಾರ್ಕಿನಲ್ಲಿ. ಪಾರ್ಕಿಗೆ ಗಂಡಸರು ಒಬ್ಬರೇ ಹೋಗ್ತಾರಾ?” ಎಂದು ಕೇಳಿದಳು. ಅವಳು ಕೇಳಿದ್ದು ಸಹಜವಾಗಿಯೇ. ನನಗೆ ಮಾತ್ರ ಆ ದಿನ ಊಟ ಇಳಿಯಲಿಲ್ಲ.

ಇದೆಲ್ಲ ಇವರು ಬಂದ ಮೇಲೆ ನಗುವ ಸಂಗತಿಯಾಗಿ ಮುಗಿಯುತ್ತಿತ್ತೋ ಏನೋ. ಆದರೆ ಕಂಪೆನಿ ಎರಡನೆಯ ವಾರ ಒಂದು ಮಾತು ಹೇಳಿತು: ಇನ್ನೂ ಮೂರು ತಿಂಗಳು ಅಲ್ಲೇ ಉಳಿದು ಕಲಿತರೆ ಇವರೇ ಶಿಫ್ಟ್ ಸೂಪರ್‌ವೈಸರ್. ಹದಿನೈದು ವರ್ಷದಿಂದ ಕಾಯುತ್ತಿದ್ದ ಹುದ್ದೆ. ಗುರುವಾರದೊಳಗೆ ಉತ್ತರ ಕೊಡಬೇಕು. “ನನಗೇನೂ ಅಷ್ಟು ಮನಸ್ಸಿಲ್ಲ. ನೀನು ಎಂತ ಹೇಳ್ತಿ?” ಎಂದರು. ಹಿಂದೆ ಹಕ್ಕಿ ಕೂಗಿತು.

“ಮೊದಲು ಆ ಹಕ್ಕಿಯನ್ನು ತೋರಿಸಿ, ಆಮೇಲೆ ಉತ್ತರ” ಎಂದೆ.

ಗುರುವಾರ ವಿಡಿಯೋ ಕರೆ. ಸಾಕ್ಷಿಗೆಂದು ಫ್ಲಾವಿಯಾ ನನ್ನ ಪಕ್ಕದಲ್ಲಿ. ಪಾಪ, ಇವರು ಅಷ್ಟು ಜನರ ನಡುವೆ ಕೈ ಮೇಲೆತ್ತಿ ಫೋನನ್ನು ಸ್ಟೇಷನ್ನಿನ ಮಾಡಿನತ್ತ ಹಿಡಿದು ನಿಂತರು. ಹಕ್ಕಿ ಕೂಗಿತು. ಅಲ್ಲಿದ್ದದ್ದು ಚಪಾತಿಯಷ್ಟಗಲದ ಒಂದು ಸ್ಪೀಕರ್.

“ಸುಮ್ಮನೆ ಯಾರಾದರೂ ಇದನ್ನು ಇಡ್ತಾರಾ? ಯಾತಕ್ಕೆ?” ಎಂದೆ.

ಇವರು ಬಾಯಿ ತೆರೆಯುವ ಮೊದಲೇ ಬಿಳಿ ಕೋಲು ಹಿಡಿದ ಒಬ್ಬ ಮುದುಕರು ಗುಂಪಿನ ನಡುವಿನಿಂದ ಬಂದರು. ಒಂದು ಕ್ಷಣ ನಿಂತರು, ಹಕ್ಕಿ ಕೂಗಿದತ್ತ ತಿರುಗಿದರು, ಸರಾಗವಾಗಿ ಮೆಟ್ಟಿಲು ಹತ್ತಿ ಹೋದರು. “ಕಣ್ಣು ಕಾಣದವರಿಗೆ ಮೆಟ್ಟಿಲು ಎಲ್ಲಿದೆ ಎಂದು ಗೊತ್ತಾಗಲಿಕ್ಕೆ” ಎಂದರು ಇವರು, ಮೆಲ್ಲಗೆ.

ನನಗೆ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಫ್ಲಾವಿಯಾಳಿಗೆ ಒಲೆಯ ಮೇಲೆ ಹಾಲಿಟ್ಟದ್ದು ತಟ್ಟನೆ ನೆನಪಾಗಿ ಅವಳು ಎದ್ದು ಹೋದಳು. ಗಂಟಲು ಸರಿಮಾಡಿಕೊಂಡು, “ಮೂರು ತಿಂಗಳು ಇದ್ದೇ ಬನ್ನಿ. ನನಗೆ ನಿಮ್ಮ ಮೇಲೆ ಪೂರ್ತಿ ನಂಬಿಕೆ ಉಂಟು” ಎಂದೆ.

“ಆಯ್ತು” ಎಂದರು ಇವರು.

ಅಷ್ಟೇ. ‘ನೀನೊಬ್ಬಳೇ ಮಕ್ಕಳನ್ನು ಹೇಗೆ ಸುಧಾರಿಸುತ್ತಿ’ ಎಂದಿಲ್ಲ, ‘ಇನ್ನೊಮ್ಮೆ ಯೋಚನೆ ಮಾಡು’ ಎಂದಿಲ್ಲ. ಕಸದ ಚೀಲ ಕೆಳಗೆ ಇಟ್ಟು ಬನ್ನಿ ಎಂದರೂ ಮೂರು ಸಲ ಹೇಳಿಸಿಕೊಳ್ಳುವ ಮನುಷ್ಯ. ಮದುವೆಯಾದ ಹದಿನೇಳು ವರ್ಷಗಳಲ್ಲಿ ನನ್ನ ಯಾವ ಮಾತಿಗೂ ಒಂದೇ ಸಲಕ್ಕೆ ‘ಆಯ್ತು’ ಎಂದವರಲ್ಲ. ನಂಬಿಕೆ ಉಂಟು ಎಂದು ಹೇಳಿ ಒಂದು ನಿಮಿಷವೂ ಆಗಿರಲಿಲ್ಲ, ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ:

“ಅದು ಹೌದು, ಇಷ್ಟು ಬೇಗ ಹೇಗೆ ಒಪ್ಪಿದಿರಿ?”