ಮುಸಫ್ಫಾದಲ್ಲಿ ಎದ್ದ ಇಂಗ್ಲಿಷ್ ಚಾವಡಿ

ನಮ್ಮ ಭಾವ ಇಂಗ್ಲೆಂಡಿನ ನೆಲ ಮೆಟ್ಟಿದವರಲ್ಲ. ಆದರೆ ಅಲ್ಲಿನ ಯಾವುದೋ ಸಂತೆಯೂರಿನ ಹಳೇ ಕಟ್ಟಡಕ್ಕೆ ಅಪಚಾರವಾಯಿತೆಂದು ಅಬುಧಾಬಿಯಲ್ಲಿ ಊಟ ಬಿಟ್ಟವರು! ಅದೂ ನಮ್ಮ ಖಾಲಿದಿಯಾದ ಫ್ಲ್ಯಾಟಿನಲ್ಲಿ, ನನ್ನ ಹೆಂಡತಿ ಕೋರಿ ರೊಟ್ಟಿ ಮಾಡಿದ ದಿನ!

ಅಕ್ಕನ ಗಂಡನಾದ ಇವರು ಅಬುಧಾಬಿಯ ಕೈಗಾರಿಕಾ ಪ್ರದೇಶವಾದ ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ನಕ್ಷೆ ಎಳೆಯುವ ಡ್ರಾಫ್ಟ್ಸ್‌ಮನ್. ದುಬೈಯ ಹೊಸ ಮಾಲ್ ಒಂದರ ಅಂಗಳಕ್ಕೆ ಆ ಕಟ್ಟಡದ ನಕಲು ಬೇಕಿತ್ತು. ಕೆಳಗೆ ಗೋಡೆಯೇ ಇಲ್ಲ, ಬರೀ ದಪ್ಪ ಮರದ ಕಂಬಗಳು. ಮೇಲೆ ಕಪ್ಪು ತೊಲೆ, ಬಿಳಿ ಗಾರೆಯ ಚಾವಡಿ. ಮಾಲ್‌ನವರು ಕೆಲವು ಫೋಟೋ ಕೊಟ್ಟು "ಯಲ್ಲಾ, ಶುರು ಮಾಡಿ" ಎಂದರು. ಭಾವನಿಗೆ ಹುಚ್ಚು ಹಿಡಿದದ್ದು ಅಂದಿನಿಂದ.

ಮೊದಲ ಜಗಳ ತೊಲೆಯದ್ದು. ಮೂಲದಲ್ಲಿ ಸೊಟ್ಟಗಿದ್ದ ತೊಲೆಯನ್ನು ಫೈಬರ್‌ಗ್ಲಾಸಿನವರು ನೆಟ್ಟಗೆ ಮಾಡಿದ್ದರು. "ಮುನ್ನೂರು ವರ್ಷ ಭಾರ ಹೊತ್ತು ಬೆನ್ನು ಬಾಗಿದ್ದು ಮಾರಾಯ ಅದು! ಇವರು ಇಸ್ತ್ರಿ ಹಾಕಿದ್ದಾರೆ!" ದೂರು ಒಯ್ದರೆ ಮ್ಯಾನೇಜರ್, ಅಪ್ಪಟ ಇಂಗ್ಲಿಷಿನವನು, "ಹೂ ಕೇರ್ಸ್?" ಎಂದು ಚಹಾ ಕುಡಿದನಂತೆ. ಕಟ್ಟಡ ಅವನ ದೇಶದ್ದು, ಸಿಟ್ಟು ಕುಂದಾಪುರದ ಭಾವನಿಗೆ! ಎಲ್ಲಾದರೂ ಉಂಟೇ?

ಕೋರಿ ರೊಟ್ಟಿಯ ದಿನದ ಸುದ್ದಿ ಇನ್ನೂ ಘೋರ. ಕಂಬಗಳ ನಡುವೆ ಗಾಜು ಕೂರಿಸಿ, ಎ.ಸಿ. ಹಾಕಿ, ಅತ್ತರಿನ ಅಂಗಡಿ ಮಾಡುತ್ತಾರಂತೆ! ಭಾವ ನಮ್ಮ ಸ್ಟೀಲ್ ಲೋಟಗಳನ್ನೆಲ್ಲ ಕವುಚಿ ಕಂಬ ಮಾಡಿದರು, ಮೇಲೆ ರೊಟ್ಟಿಯ ತಟ್ಟೆ ಇಟ್ಟರು.

"ನೋಡು, ಇದರ ಕೆಳಗೆ ಸಂತೆ! ಬೆಣ್ಣೆ, ಮೊಟ್ಟೆ ಮಾರುವವರು ಬಿಸಿಲಿಗೆ ಬಾಡದೆ, ಮಳೆಗೆ ನೆನೆಯದೆ ಕೂರಲಿ ಅಂತಲೇ ಕಟ್ಟಿದ್ದು. ಗಾಜು ಹಾಕಿದ ಮೇಲೆ ಉಳಿದದ್ದೆಂತ, ಮಣ್ಣಾ?"

"ಮಾವ, ಇಟ್ಸ್ ಜಸ್ಟ್ ಫಾರ್ ಫೋಟೋಸ್!" ಎಂದಳು ನನ್ನ ಮಗಳು.

ಭಾವ ಎದ್ದೇ ಬಿಟ್ಟರು. ಕಂಬ ಕೀಳುವ ಧೈರ್ಯ ಯಾರಿಗೂ ಬರಲಿಲ್ಲ. ಆ ದಿನ ನಾವೆಲ್ಲ ಬಾಟಲಿಯಿಂದಲೇ ನೀರು ಕುಡಿದೆವು.

ಇಷ್ಟೆಲ್ಲ ಹಾರಾಡಿ ಆದದ್ದೇನು? ಮಾಲ್‌ನವರು "ಖಲಾಸ್" ಎಂದರು, ಗಾಜು ಬಂತು.

ಮಾಲ್ ತೆರೆದ ಮೇಲೆ ಒಂದು ಶುಕ್ರವಾರ ಭಾವ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದರು. ಅಂಗಡಿಯತ್ತ ಕಣ್ಣೂ ಹಾಯಿಸದೆ ಹಿಂಬದಿಗೆ ನಡೆದರು. ಅಲ್ಲಿ ಚಾವಡಿಯ ಸೂರು ಗಾಜಿನಿಂದಾಚೆ ಒಂದು ಮಾರು ಚಾಚಿತ್ತು. ಅದರ ನೆರಳಲ್ಲಿ ಇಬ್ಬರು ಕ್ಲೀನರ್‌ಗಳು ಕಾಲು ಚಾಚಿ ಕೂತು ನೀರು ಕುಡಿಯುತ್ತಿದ್ದರು.

"ಭಾವ, ಫೋಟೋದಲ್ಲಿ ಸೂರು ಇಷ್ಟು ಉದ್ದ ಇರಲಿಲ್ಲವಲ್ಲ?"

ಒಂದು ತೊಲೆ ನೆಟ್ಟಗಾದದ್ದಕ್ಕೆ ರಂಪ ಮಾಡಿದ ಮನುಷ್ಯ ತಲೆ ತಗ್ಗಿಸಿದರು.

"ನಕ್ಷೆಯಲ್ಲಿ ನಾನೇ ಉದ್ದ ಎಳೆದದ್ದು. ಯಾರಿಗೂ ಹೇಳಬೇಡ." ಕ್ಲೀನರ್‌ಗಳತ್ತ ನೋಡಿದರು. "ಅಮ್ಮ ಸಂತೆಯಲ್ಲಿ ಹರಿವೆ ಸೊಪ್ಪು ಮಾರ್ತಿದ್ದಳು. ತಲೆ ಮೇಲೆ ಸೆರಗು ಒಂದೇ. ಮಧ್ಯಾಹ್ನದೊಳಗೆ ಸೊಪ್ಪೂ ಬಾಡ್ತಿತ್ತು, ಅವಳೂ ಬಾಡ್ತಿದ್ದಳು. ಅವಳಿಗೆ ಇಷ್ಟು ನೆರಳು ಸಾಕಿತ್ತು ಮಾರಾಯ."

ಕ್ಲೀನರ್‌ಗಳು ಸರಿದು ಜಾಗ ಕೊಟ್ಟರು. ಅತ್ತರಿನ ಅಂಗಡಿಗೆ ಬೆನ್ನು ಹಾಕಿ ನಾವೂ ಅಲ್ಲೇ ಕೂತೆವು.