ಹಗ್ಗ ಹಿಡಿದವನ ಅಹವಾಲು

ಮನೆಯಲ್ಲಿ ಮಾತು ಬೆಳೆಯತೊಡಗಿದಾಗ ಎದ್ದು ಹೊರಗೆ ಹೋಗುವುದು ಗಂಡನಾದವನ ಮೂಲಭೂತ ಹಕ್ಕು ಎಂದು ನಾನು ಬಲವಾಗಿ ನಂಬಿದವನು. ಜಗಳ ನನಗೆ ಒಗ್ಗುವುದಿಲ್ಲ. ಭಾಲ್ಕಿಯ ಒಂದು ಕಾಲೇಜಿನಲ್ಲಿ ಹೆಡ್ ಕ್ಲರ್ಕ್ ಆಗಿ ದಿನವೂ ಬೀದರದಿಂದ ಹೋಗಿಬರುವ ನನಗೆ ಹೊರಗಿನ ಜಗಳಗಳೇ ಬೇಕಾದಷ್ಟಿವೆ. ಹೆಂಡತಿ ಸುಶೀಲಾ ಕುರ್ಚಿ ಎಳೆದುಕೊಂಡು, “ನಿಮ್ಗ ಒಂದ್ ಮಾತು ಹೇಳೂದದರಿ” ಎಂದಳೆಂದರೆ ಸಾಕು, ಇಸ್ತ್ರಿಗೆ ಕೊಟ್ಟ ಅಂಗಿ ನನಗೆ ತಟ್ಟನೆ ನೆನಪಾಗುತ್ತದೆ. ಅಂಗಿ ಮನೆಗೆ ಬಂದಿದ್ದರೆ ದಿನಪತ್ರಿಕೆ ಇದೆ. ಅದನ್ನು ಓದಿ ಮುಗಿಸಿದ್ದರೆ ಮಡಚಿ, ಬಿಡಿಸಿ, ಮತ್ತೆ ಮೊದಲಿನಿಂದ ಓದುತ್ತೇನೆ. ನಮ್ಮ ಸಂಸಾರದಲ್ಲಿ ಇಷ್ಟು ವರ್ಷ ಶಾಂತಿ ನೆಲೆಸಿದ್ದು ಹೀಗೆ. ಆ ಹಕ್ಕನ್ನು ನನ್ನಿಂದ ಕಿತ್ತುಕೊಂಡದ್ದು ಊರ ಹೊರಗಿನ ಕಾಡಿನಲ್ಲಿರುವ ಒಂದು ಬಂಡೆ. ಹಿಮಾಲಯವಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಇದು ನಮ್ಮ ಪೋಸ್ಟಾಫೀಸಿಗಿಂತ ತುಸು ಎತ್ತರ, ಅಷ್ಟೇ.

ಆಗ ಬರ ಬಿದ್ದು ಎರಡನೆಯ ವರ್ಷ. ಟ್ಯಾಂಕರಿನ ಹಾರ್ನ್ ಕೇಳಿದರೆ ಸಭ್ಯರೂ ಚಪ್ಪಲಿ ಬಿಟ್ಟು ಓಡುತ್ತಿದ್ದ ಕಾಲ. ನಮ್ಮ ಓಣಿಯ ಮನೆಗಳಿಗೆ ಒಂದೊಂದಾಗಿ ಬೀಗ ಬಿತ್ತು. ಕೆಲವರು ಹೈದರಾಬಾದಿಗೆ, ಕೆಲವರು ಮುಂಬಯಿಗೆ ಹೊರಟರು. ಹೊರಟವರೆಲ್ಲ ಕೀಲಿಕೈಯನ್ನು ನಮ್ಮ ಮನೆಯಲ್ಲೇ ಕೊಟ್ಟು ಹೋದರು. ಬಾಗಿಲ ಹಿಂದಿನ ಮೊಳೆ ತುಂಬಿ, ಇನ್ನೊಂದು ಮೊಳೆ ಹೊಡೆದದ್ದಾಯಿತು. ಅಷ್ಟರಲ್ಲಿ ಪುಣೆಯಲ್ಲಿರುವ ನಮ್ಮಣ್ಣ ಫೋನು ಮಾಡಿ, “ಅಲ್ಲೇನ್ ಮಣ್ಣು ತಿಂತಿ? ಇಲ್ಲಿ ನಳಕ್ಕ ಎರಡೂ ಹೊತ್ತು ನೀರು ಬರ್ತದ. ಒಂದು ಸಾಲಿ ಆಫೀಸಿನಾಗ ನಿನ್ನ ಸಲುವಾಗಿ ಮಾತಾಡೇನಿ, ಬಂದು ಬಿಡು” ಎಂದ. ನಾನು ಆಯಿತೆಂದೆ. ನಳದ ನೀರಿಗೆ ಇಲ್ಲವೆನ್ನುವ ಶಕ್ತಿ ಆ ವರ್ಷ ಯಾರಿಗಿತ್ತು? ಸುಶೀಲಾಳಿಗೂ ಕೂಡಲೇ ತಿಳಿಸಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಟ್ಯಾಂಕರ್ ಬಂತು, ನಾನು ಕೊಡ ಹಿಡಿದು ಓಡಿದೆ. ಅಲ್ಲಿಗೆ ಆ ವಿಷಯ ತೀರ್ಮಾನವಾಯಿತು ಎಂದೇ ತಿಳಿದಿದ್ದೆ.

ಸುಶೀಲಾ ಮಿಷನ್ ಕಾಲದ ಹಳೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಔರಾದದಿಂದ ವ್ಯಾಯಾಮ ಶಿಕ್ಷಕಿಯಾಗಿ ಬಂದ ಪಲ್ಲವಿ ಎಂಬಾಕೆ ಅಲ್ಲಿನ ನರ್ಸುಗಳಿಗೆಲ್ಲ ಬಂಡೆ ಹತ್ತುವ ಹುಚ್ಚು ಹಿಡಿಸಿದ್ದಳು. ಒಂದು ಭಾನುವಾರ ಚರ್ಚಿನಿಂದ ಬಂದವಳೇ ಸುಶೀಲಾ ತಾನೂ ಹೋಗುವುದಾಗಿ ಸಾರಿದಳು. ತಲೆಯಲ್ಲಿ ಬಿಳಿ ಕೂದಲು ಇಣುಕುವ ವಯಸ್ಸು!

“ಬಂಡೆ ಹತ್ತಿ ಏನ್ ಮಾಡ್ತಿ? ಮ್ಯಾಲ ನೀರು ಅದ ಏನು?” ಎಂದು ಕೇಳಿದೆ.

“ನೀರಿಲ್ರಿ, ಗಾಳಿ ಅದ” ಎಂದಳು.

ಇವಳು ಹಲಬರ್ಗಾದ ತವರಿನಲ್ಲಿ ಕಂಡ ಕಂಡ ಹುಣಸೆಮರ ಹತ್ತಿ ಬೆಳೆದವಳು. ಹೆಣ್ಣು ನೋಡಲು ಹೋದಾಗ ಈ ಸಂಗತಿಯನ್ನು ನನ್ನಿಂದ ಮುಚ್ಚಿಟ್ಟಿದ್ದರು. ಏನಾದರೂ ಅನಾಹುತವಾದರೆ ನೋಡಿಕೊಳ್ಳಲು ಜವಾಬ್ದಾರಿಯ ಗಂಡಸೊಬ್ಬ ಇರಲಿ ಎಂದು ನಾನೂ ಹೊರಟೆ.

ಕಾಡು ಎಂದರೆ ಎಲೆ ಉದುರಿಸಿ ನಿಂತ ಸಾಗುವಾನಿ. ನೆರಳಿಗೂ ಬರ. ಅದರ ನಡುವೆ ಕೆಂಪು ಜಂಬಿಟ್ಟಿಗೆಯ ಬಂಡೆ ಗೋಡೆಯಂತೆ ಎದ್ದಿತ್ತು. ಅದಕ್ಕೆ ಯಾರೋ ಮೊದಲೇ ಉಕ್ಕಿನ ಕೊಂಡಿಗಳನ್ನು ಬಡಿದಿದ್ದರು. ಪಲ್ಲವಿ ಕೊಂಡಿಯಿಂದ ಕೊಂಡಿಗೆ ಹಗ್ಗ ಸಿಕ್ಕಿಸುತ್ತ ಹತ್ತಿ, ತುದಿಯ ಬಳೆಯಲ್ಲಿ ಅದನ್ನು ತೂರಿಸಿ ಇಳಿದು ಬಂದಳು. ಈಗ ಹಗ್ಗದ ಒಂದು ತುದಿ ಹತ್ತುವವರ ಸೊಂಟಕ್ಕೆ, ಇನ್ನೊಂದು ತುದಿ ಕೆಳಗೆ ನಿಂತು ಹಿಡಿಯುವವರ ಸೊಂಟಕ್ಕೆ. ಹಿಡಿಯುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಹೊಟ್ಟೆಯ ಕಡೆ ನೋಡಿದರು.

“ಸರ್ ಅವ್ರ ವಜನ್ ಛಲೋ ಅದ, ಹಗ್ಗ ಹಿಡೀಲಿಕ್ಕ ಇಂಥಾವ್ರೇ ಬೇಕು” ಎಂದಳು ಪಲ್ಲವಿ. ಹೀಗೆ ಹೊಗಳಿಸಿಕೊಂಡ ಮನುಷ್ಯ ಸಿಟ್ಟಾಗುವುದಾದರೂ ಹೇಗೆ? ನನ್ನ ಸೊಂಟಕ್ಕೆ ಪಟ್ಟಿ ಬಿಗಿದು, ಹಗ್ಗ ಎಳೆದುಕೊಳ್ಳುವುದನ್ನೂ ಸಡಿಲಿಸುವುದನ್ನೂ ಮತ್ತೆ ಮತ್ತೆ ಮಾಡಿಸಿದಳು. “ಎರಡೂ ಕೈ ಹಗ್ಗದ ಮ್ಯಾಲ, ಕಣ್ಣು ಮೇಡಮ್ಮರ ಮ್ಯಾಲ. ಏನೇ ಆಗ್ಲಿ ಜಾಗಾ ಬಿಡಬ್ಯಾಡ್ರಿ.”

ಸುಶೀಲಾ ಹಲ್ಲಿಯಂತೆ ಸರಸರನೆ ಏರಿದಳು. ತುದಿ ಇನ್ನೇನು ಸಿಗಬೇಕು, ಅಷ್ಟರಲ್ಲಿ ಹಗ್ಗಕ್ಕೆ ಜೋತು ಆರಾಮಾಗಿ ಕುಳಿತುಬಿಟ್ಟಳು.

“ಕೈ ಸೋತ್ವೇನು? ಇಳಸ್ಲೇನು?” ಎಂದು ಕೂಗಿದೆ.

“ಬ್ಯಾಡ್ರಿ. ನಿಮ್ಗ ಒಂದ್ ಮಾತು ಹೇಳೂದದ. ನಾ ಪುಣೆಕ್ಕ ಬರಾಂಗಿಲ್ಲ.”

“ಕೆಳಗ ಬಾ, ಮನ್ಯಾಗ ಮಾತಾಡೂಣು!”

“ಮನ್ಯಾಗ ನೀವು ಎದ್ದು ಹೋಗ್ತೀರಿ. ಈಗ ಹೋಗ್ರಿ, ನೋಡ್ತೇನಿ.”

ಇದಕ್ಕಿಂತ ದೊಡ್ಡ ಅನ್ಯಾಯ ಇದೆಯೇ? ಕೈ ಬಿಡುವಂತಿಲ್ಲ, ಕಣ್ಣು ತಿರುಗಿಸುವಂತಿಲ್ಲ. ಕಾಲಿಗೆ ಇರುವೆ ಹತ್ತಿದರೂ ಕೊಡವಿಕೊಳ್ಳುವಂತಿಲ್ಲ. ನೇತಾಡುತ್ತಿದ್ದವಳು ಅವಳು, ಸಿಕ್ಕಿಬಿದ್ದವನು ನಾನು. ಉಳಿದ ನರ್ಸುಗಳು ನೆಲದ ಮೇಲೆ ಸಾಲಾಗಿ ಕುಳಿತು ಚುರುಮುರಿ ಪೊಟ್ಟಣ ಬಿಚ್ಚಿದರು.

“ಮಕ್ಕಳ ವಾರ್ಡಿನ ಚಾರ್ಜ್ ನನಗ ಕೊಟ್ಟಾರ. ಎಷ್ಟ್ ಸರ್ತಿ ಹೇಳ್ಲಿಕ್ಕ ಬಂದೇನಿ, ಒಂದ್ ಸರ್ತಿನೂ ನೀವು ಕೇಳಿಲ್ಲ. ಹೊಲಸು ನೀರು ಕುಡ್ದು ಕೂಸುಗಳು ಹ್ಯಾಂಗ ಬರಲಾಕತ್ತಾವ ನಿಮ್ಗ ಗೊತ್ತದೇನು? ಅವುಗಳನ್ನ ಬಿಟ್ಟು ನಿಮ್ಮಣ್ಣನ ಮನ್ಯಾಗ ರೊಟ್ಟಿ ಬಡೀಲಿಕ್ಕ ಬರ್ಲೇನು? ಓಣಿ ಮಂದಿ ಕೀಲಿ ಕೊಟ್ಟು ಹೋಗ್ಯಾರಲ್ಲ, ಅವನ್ನ ಯಾರ ಕೈಯಾಗ ಇಡ್ತೀರಿ? ನಾವೂ ಹೋದ್ರ ಅವ್ರು ತಿರುಗಿ ಬಂದು ಯಾರ ಬಾಗಿಲಾ ಬಡೀಬೇಕು?”

ಕೊನೆಯ ಮಾತು ಹೇಳುವಾಗ ಕಣ್ಣು ಒರೆಸಿಕೊಂಡಳು. ಹಿಡಿತಕ್ಕೆಂದು ಕೈಗೆ ಹಚ್ಚಿಕೊಂಡ ಬಿಳಿ ಪುಡಿ ಕೆನ್ನೆಗೆಲ್ಲ ಬಳಿದುಕೊಂಡಿತು. ಬೇರೆ ಕಡೆ ನೋಡುವಂತಿದ್ದರೆ ಖಂಡಿತ ನೋಡುತ್ತಿದ್ದೆ. ನೋಡುವಂತಿರಲಿಲ್ಲವಲ್ಲ, ಹಾಗಾಗಿ ಅವಳ ಮುಖವನ್ನೇ ನೋಡಿದೆ. ನಸುಕಿನಲ್ಲಿ ನೀರು ಹಿಡಿದಿಟ್ಟು, ಇಡೀ ದಿನ ದುಡಿದು, ಬಂದು ಮತ್ತೆ ನೀರಿಗೆ ನಿಲ್ಲುವ ಮುಖ. ಇಷ್ಟು ದಣಿದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದಳೇನೋ.

“ವಾರ್ಡಿನ ಚಾರ್ಜ್ ಅಂದ್ರ ದೊಡ್ಡ ಕೆಲಸೇನು?” ಎಂದು ಕೇಳಿದೆ.

“ದೊಡ್ಡದೇ ಅದರಿ.”

“ಮತ್ತ ಹೋಗೂದು ಬ್ಯಾಡ ಬಿಡು. ಅಣ್ಣಗ ನಾ ಹೇಳ್ತೇನಿ.”

ಕೆಳಗಿದ್ದವರು ಚಪ್ಪಾಳೆ ತಟ್ಟಿದರು. ನನ್ನ ಸಂಸಾರ ಇವರಿಗೆ ನಾಟಕವೇ? ಸುಶೀಲಾ ಮಾತ್ರ ಹಿಂದಿರುಗಿಯೂ ನೋಡದೆ ಉಳಿದಷ್ಟನ್ನೂ ಹತ್ತಿ, ತುದಿಯ ಬಳೆ ಮುಟ್ಟಿ, “ಹಾಂ, ಈಗ ಇಳಸ್ರಿ” ಎಂದಳು.

ನ್ಯಾಯ ಎಲ್ಲರಿಗೂ ಒಂದೇ ಅಲ್ಲವೇ? ಮುಂದಿನ ಸರದಿ ನನ್ನದು ಎಂದು ಹಟ ಹಿಡಿದೆ. ಪಲ್ಲವಿ ಒಲ್ಲದ ಮನಸ್ಸಿನಿಂದ ಒಪ್ಪಿ, ಹಗ್ಗ ಹಿಡಿದ ಸುಶೀಲಾಳ ಬೆನ್ನಿಗೆ ನಿಂತಳು. ನಾನು ಏದುಸಿರು ಬಿಡುತ್ತ ಎರಡಾಳೆತ್ತರ ಏರಿದೆ. ನಳದ ನೀರು, ಅಣ್ಣನಿಗೆ ಕೊಟ್ಟ ಮಾತು, ಗಂಡಸಿನ ಮರ್ಯಾದೆ ಎಂದು ನನ್ನ ವಾದವೆಲ್ಲ ಸಿದ್ಧವಿತ್ತು. ಕೆಳಗೆ ತಿರುಗಿ, “ಸುಶೀಲಾ, ನಂದೂ ಒಂದ್ ಮಾತು...” ಎನ್ನುತ್ತಿರುವಾಗಲೇ ಕಾಲು ಜಾರಿತು. ನನ್ನ ತೂಕದ ಮುಂದೆ ಅವಳ ತೂಕ ಎಷ್ಟರದು? ನಾನು ಇಳಿಯುತ್ತ ಬಂದೆ, ಅವಳು ಏರುತ್ತ ಬಂದಳು. ಅರ್ಧ ದಾರಿಯಲ್ಲಿ ಇಬ್ಬರೂ ಮುಖಾಮುಖಿಯಾಗಿ ತೂಗಾಡುತ್ತ ನಿಂತೆವು.

“ಹೇಳ್ರಿ, ಕೇಳಲಾಕತ್ತೇನಿ” ಎಂದಳು, ಹಗ್ಗವನ್ನು ಕಿಂಚಿತ್ತೂ ಸಡಿಲಿಸದೆ.

“ಮೊದ್ಲು ನನ್ನ ಕೆಳಗ ಇಳಸು” ಎಂದೆ. ಪಲ್ಲವಿ ಅವಳ ಸೊಂಟದ ಪಟ್ಟಿ ಹಿಡಿದು ನೆಲಕ್ಕೆಳೆದಾಗ ನಾನು ಮತ್ತೆ ಮೇಲಕ್ಕೆ ಹೋದೆ. ಆಮೇಲೆ ಮೆಲ್ಲಗೆ ಇಳಿಸಿದರು.

ಅಣ್ಣ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದ. “ಹೆಂಡ್ತಿ ಹೇಳಿದ್ಳೇನು?” ಎಂದಾಗ ನನಗೂ ರೇಗಿ, “ಬಿಲ್ಕುಲ್ ಇಲ್ಲ, ಇದು ನನ್ನ ಸ್ವಂತ ವಿಚಾರ” ಎಂದು ಫೋನಿಟ್ಟೆ. ಆ ಮಾತು ಹೇಗೆ ಹರಡಿತೋ ಕಾಣೆ. ಮಳೆಯಾದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಕಷ್ಟಕಾಲದಲ್ಲೂ ಊರು ಬಿಡದ ಅಚಲ ಮನಸ್ಸಿನವರು ಎಂದು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಎರಡು ಮಾತಾಡಿ ಎಂದರು. ಹುಟ್ಟಿದ ನೆಲವನ್ನು ಬಿಡುವ ಯೋಚನೆ ನನಗೆ ಕನಸಿನಲ್ಲೂ ಬಂದಿರಲಿಲ್ಲ ಎಂದೆ. ಮುಂದಿನ ಸಾಲಿನಲ್ಲಿದ್ದ ಸುಶೀಲಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಎದ್ದು ನಿಂತು ನಿಜ ಹೇಳಬಹುದಿತ್ತಲ್ಲ, ಹೇಳಲಿಲ್ಲ. ಈಗ ಆ ಶಾಲು ಹೊದ್ದು ರಾತ್ರಿ ಪಾಳಿಗೆ ಹೋಗುತ್ತಾಳೆ. ಇದೇನು ಎಂದು ಕೇಳಿದರೆ, “ಭಾಷಣ ನೀವು ಮಾಡೀರಲ್ರಿ, ಶಾಲು ನನಗಿರ್ಲಿ” ಎನ್ನುತ್ತಾಳೆ.