ಸಂತ ತೋಮಸನ ಪಾಲು

ನಾಲ್ಕನೇ ಮಂಚದ ರೋಗಿ ದೋನ್ ಎಲಿಹಿಯೊನ ಅಕ್ಕ ಸೆಫೆರಿನಾ ಒಗೆದ ಬಟ್ಟೆಗಳ ಕೆಳಗೆ ಬಿಸಿ ಚಿಪಾ ಬಚ್ಚಿಟ್ಟುಕೊಂಡು ವಾರ್ಡಿಗೆ ಬಂದದ್ದೇ ಆ ದಿನದ ತಾಪತ್ರಯಕ್ಕೆಲ್ಲ ಮೂಲ. ಚೀಸ್ ಹಾಕಿ ಸುಟ್ಟ ರೊಟ್ಟಿಯ ಘಮವನ್ನು ಎರಡು ಬನೀನು, ಒಂದು ಪೈಜಾಮ ತಡೆದಾವೆಯೇ? ಬಾಗಿಲಲ್ಲೇ ನಿಂತಿದ್ದ ಸಹಾಯಕ ನರ್ಸ್ ನಿಮಿಯಾ ಚೀಲಕ್ಕೆ ಕೈ ಹಾಕಿ ಚಿಪಾ ಕಿತ್ತುಕೊಂಡಳು.

ನಿಮಿಯಾಳ ಕಟ್ಟುನಿಟ್ಟಿಗೆ ಕಾರಣವಿತ್ತು. ಹನ್ನೊಂದು ಗಂಟೆಗೆ ಎಲಿಹಿಯೊಗೆ ಅಂಡವಾಯುವಿನ ಆಪರೇಷನ್. ಅವನಾದ ಮೇಲೆ ಐದನೇ ಮಂಚದ ದೋನ್ ಫೆರ್ಮಿನ್‌ಗೆ ಪಿತ್ತಕೋಶದ ಕಲ್ಲು ತೆಗೆಯುವುದು. ಇಬ್ಬರ ಹೊಟ್ಟೆಯೂ ಖಾಲಿ ಇರಬೇಕು. ಇಲ್ಲದಿದ್ದರೆ ಮತ್ತು ಬರುವ ಔಷಧಿ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಜೀವಕ್ಕೇ ಅಪಾಯ. ಇದು ತರಬೇತಿಯ ಮೊದಲ ಪಾಠ. ಎಲಿಹಿಯೊ ಹಿಂದೆ ಎರಡು ಸಲ ಬಂದು, ಒಮ್ಮೆ ಮಾವಿನಹಣ್ಣು, ಇನ್ನೊಮ್ಮೆ ಗಂಜಿ ಸೇವಿಸಿ ಸಿಕ್ಕಿಬಿದ್ದು ಬಸ್ಸು ಹತ್ತಿ ವಾಪಸಾಗಿದ್ದ.

ಅದಕ್ಕಿಂತ ಹೆಚ್ಚಾಗಿ, ಅವಳ ಮೂರು ತಿಂಗಳ ತಾತ್ಕಾಲಿಕ ನೌಕರಿ ಅಂದಿಗೆ ಮುಗಿಯುತ್ತಿತ್ತು. ಕಾಯಂ ಪತ್ರ ಹಿರಿಯ ನರ್ಸ್ ಸುನಿಲ್ದಾ ಮೇಡಂನ ಮೇಜಿನಲ್ಲಿತ್ತು. "ನಾಲ್ಕು, ಐದು ಎರಡೂ ಖಾಲಿ ಹೊಟ್ಟೇಲಿ ಆಪರೇಷನ್‌ಗೆ ಹೋಗ್ಲಿ, ಸಾಯಂಕಾಲ ಸೈನ್ ಹಾಕ್ತೀನಿ" ಎಂದು ಮೇಡಂ ಬೆಳಿಗ್ಗೆಯೇ ಹೇಳಿದ್ದರು.

ಚಿಪಾ ಹೋದದ್ದೇ ತಡ, ಸೆಫೆರಿನಾ ರಂಪ ತೆಗೆದಳು. ಅರವತ್ತು ವರ್ಷ ತಾನು ತಮ್ಮನನ್ನು ಹಸಿದ ಹೊಟ್ಟೆಯಲ್ಲಿ ಕೂರಿಸಿದವಳಲ್ಲ, ನಿನ್ನೆ ಮೊನ್ನೆ ಬಂದ ಹುಡುಗಿ ಬಾಯಿಗೆ ಬೀಗ ಹಾಕುತ್ತಾಳೆ ಎಂದು ಕಣ್ಣೀರಿಟ್ಟಳು. ಫೆರ್ಮಿನ್‌ನ ಹೆಂಡತಿಯೂ ದನಿಗೂಡಿಸಿದಳು. ನಿಮಿಯಾಗೆ ಅಯ್ಯೋ ಅನ್ನಿಸಿತು. ಸಮಾಧಾನ ಮಾಡೋಣವೆಂದು ಎರಡು ಮಂಚಗಳ ನಡುವೆ ಕುರ್ಚಿ ಎಳೆದುಕೊಂಡು ಕೂತಳು.

ಕೂತ ಮೇಲೆ ತೆರೆರೆ ಹೀರದೆ ಆಗುತ್ತದೆಯೇ? ಸೆಫೆರಿನಾ ಫ್ಲಾಸ್ಕ್ ತೆಗೆದಳು, ಒಳಗೆ ಮಂಜುಗಡ್ಡೆ ಗಲಗಲ ಎಂದಿತು. ಪುದೀನ ಜಜ್ಜಿ ಹಾಕಿದ ತಣ್ಣೀರು, ಕೊಂಬಿನ ಲೋಟದಲ್ಲಿ ಎಲೆಪುಡಿ, ಎಲ್ಲರ ಬಾಯಿಗೂ ಒಂದೇ ಲೋಹದ ಕೊಳವೆ. ಸುತ್ತಿನಲ್ಲಿ ಕಿರಿಯರೇ ಸುರಿದು ಕೊಡಬೇಕಾದ್ದರಿಂದ ಆ ಕೆಲಸ ನಿಮಿಯಾಳ ಪಾಲಿಗೆ ಬಂತು. ಪದ್ಧತಿಯಂತೆ ಮೊದಲ ಲೋಟ ಸಂತ ತೋಮಸನಿಗೆ. ಸುರಿದು, ಒಣ ಎಲೆ ನೀರನ್ನೆಲ್ಲ ಹೀರುವ ತನಕ ಎಲ್ಲರೂ ಸುಮ್ಮನಿದ್ದರು. ಸಂತ ಕುಡಿದಾಯಿತು ಎಂದ ಮೇಲೆ ಲೋಟ ಬಲದಿಂದ ತಿರುಗಿತು.

ಕೈ ಸುರಿಯುತ್ತಿತ್ತು, ಬಾಯಿ ಪಾಠ ಹೇಳುತ್ತಿತ್ತು. ಖಾಲಿ ಹೊಟ್ಟೆ ಯಾಕೆ ಬೇಕು ಎಂದು ನಿಮಿಯಾ ಎಷ್ಟು ಚೆನ್ನಾಗಿ ವಿವರಿಸಿದಳೆಂದರೆ ಸೆಫೆರಿನಾ ತನ್ನ ತಪ್ಪಿಗೆ ಕೆನ್ನೆ ಬಡಿದುಕೊಂಡಳು. ನಡುವೆ ಬಂದ ಸುನಿಲ್ದಾ ಮೇಡಂ ನಿಂತಲ್ಲೇ ಎರಡು ಲೋಟ ಹೀರಿ, "ಪುದೀನ ಚೆನ್ನಾಗಿದೆ" ಎಂದು ಹೊಗಳಿ, ರೋಗಿಗಳನ್ನು ಹೀಗೆ ಒಲಿಸಿಕೊಳ್ಳಬೇಕು ಎಂದು ಬೆನ್ನು ತಟ್ಟಿ ಹೋದರು. ನಿಮಿಯಾ ಆಗಲೇ ಮನಸ್ಸಿನಲ್ಲಿ ಕಾಯಂ ನರ್ಸ್ ಆಗಿಬಿಟ್ಟಿದ್ದಳು.

ಹನ್ನೊಂದಕ್ಕೆ ಡಾಕ್ಟರ್ ಬಾಲ್ಬುಯೆನಾ ಬಂದರು, ಅವರ ಹಿಂದೆ ಮೇಡಂ.

"ಏನಾದ್ರೂ ತಿಂದ್ರಾ, ಕುಡಿದ್ರಾ?"

"ಒಂದು ಹನೀನೂ ಇಲ್ಲ ಡಾಕ್ಟ್ರೇ" ಎಂದ ಎಲಿಹಿಯೊ.

ಅವನೇನೂ ಸುಳ್ಳು ಹೇಳಲಿಲ್ಲ. ಆ ಊರಲ್ಲಿ ತೆರೆರೆಯನ್ನು ಕುಡಿಯುವುದರ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ. ಅದು ಉಸಿರಾಡಿದ ಹಾಗೆ. ಸೆಫೆರಿನಾ ತಲೆಯಾಡಿಸಿದಳು, ಫೆರ್ಮಿನ್ ತಲೆಯಾಡಿಸಿದ, ನಿಮಿಯಾಳೂ ಹೆಮ್ಮೆಯಿಂದ ತಲೆಯಾಡಿಸಿದಳು. ಆಡಿಸುತ್ತಿರುವಾಗಲೇ ಎಲಿಹಿಯೊನ ಮೀಸೆಯಲ್ಲಿ ಸಿಕ್ಕಿಕೊಂಡಿದ್ದ ಪುದೀನ ಎಲೆಯ ಚೂರು ಅವಳ ಕಣ್ಣಿಗೆ ಬಿತ್ತು.

ತೆರೆರೆಯೂ ಹೊಟ್ಟೆಗೇ ಇಳಿಯುತ್ತದೆ ಎಂಬುದು ಅವಳಿಗೆ ಆಗ ಹೊಳೆಯಿತು. ಬೇರೆ ಯಾರೂ ನೋಡಿರಲಿಲ್ಲ. ಬೆರಳಲ್ಲಿ ಒರೆಸಿಬಿಟ್ಟರೆ ಸಂಜೆಗೆ ಪತ್ರ ಕೈಯಲ್ಲಿ. ಒರೆಸಲೆಂದು ಬಗ್ಗಿದಳು ಕೂಡ. ಅಷ್ಟು ಹತ್ತಿರದಿಂದ ಎಲಿಹಿಯೊ ಅವಳನ್ನು ನೋಡಿ, "ನೀನಿದ್ದೀಯಲ್ಲ ಮಗಳೇ, ನಂಗೆ ಭಯ ಇಲ್ಲ" ಎಂದ. ನಿಮಿಯಾಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಡಾಕ್ಟ್ರೇ, ಇವರು ತೆರೆರೆ ಕುಡಿದಿದ್ದಾರೆ. ಕೊಟ್ಟಿದ್ದು ನಾನೇ."

"ಎಷ್ಟು?"

"ನಾಲ್ಕು ಲೋಟ. ಹತ್ತೂವರೇಲಿ."

ನರ್ಸಮ್ಮ ತಾನೇ ಕೈಯಾರೆ ಕೊಟ್ಟದ್ದರಿಂದ ಅದೂ ಔಷಧಿ ಇರಬಹುದು ಎಂದುಕೊಂಡೆ ಎಂದು ಎಲಿಹಿಯೊ ಅವಳ ಪರವಾಗಿ ಸಾಕ್ಷಿ ನುಡಿದ. ಅದರಿಂದ ಅವಳ ಮಾನ ಇನ್ನಷ್ಟು ಹೋಯಿತು. ಡಾಕ್ಟರು ನಿಟ್ಟುಸಿರುಬಿಟ್ಟು, ಹೋಗಲಿ, ಐದನೆಯವರನ್ನೇ ಮೊದಲು ಕರೆದೊಯ್ಯೋಣ ಎಂದರು. ಫೆರ್ಮಿನ್ ಸಂತೋಷದಿಂದ ಚಪ್ಪಲಿ ಕಳಚಿ ಗಾಲಿಮಂಚ ಹತ್ತಿದ.

ನಿಮಿಯಾ ನೆಲ ನೋಡಿದಳು. ನೆಲ ಬಾಯಿಬಿಡಲಿಲ್ಲ.

"ಡಾಕ್ಟ್ರೇ... ಅವರಿಗೂ."

ಡಾಕ್ಟರು ಇಬ್ಬರನ್ನೂ ಗುರುವಾರಕ್ಕೆ ಮುಂದೂಡಿ, ಸುತ್ತಿನಲ್ಲಿ ಯಾರ್ಯಾರು ಇದ್ದರೆಂದು ಬರೆದುಕೊಡಲು ಹೇಳಿ ಹೋದರು. ಇನ್ನು ಮರೆಮಾಚಲು ಉಳಿದದ್ದೇನು? ನಿಮಿಯಾ ಮೂಗು ಒರೆಸಿಕೊಳ್ಳುತ್ತ ಲೋಟ ತಿರುಗಿದ ಕ್ರಮದಲ್ಲೇ ಹೆಸರುಗಳನ್ನು ಬರೆದಳು. ಸೆಫೆರಿನಾ, ಎಲಿಹಿಯೊ, ಫೆರ್ಮಿನ್, ಅವನ ಹೆಂಡತಿ, ತಾನು. ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ, ಸುನಿಲ್ದಾ ಮೇಡಂ, ಎರಡು ಲೋಟ.

ಸಂಜೆ ಮೇಡಂ ಆ ಹಾಳೆಯನ್ನು ಕೊನೆಯತನಕ ಓದಿದರು. ಅವರ ಮುಖವೂ ಕೆಂಪಾಯಿತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ನಿಮಿಯಾಗೆ ಜೀವ ಬಂದ ಹಾಗಾಯಿತು, ನಾಚಿಕೆಗೆ ಜೊತೆಯಾದರೂ ಸಿಕ್ಕಿತಲ್ಲ ಎಂದು.

"ಇದ್ದದ್ದನ್ನ ಇದ್ದ ಹಾಗೆ ಬರ್ದಿದೀಯ. ನರ್ಸ್ ಅಂದ್ರೆ ಹೀಗಿರ್ಬೇಕು" ಎಂದರು ಮೇಡಂ.

ಮೇಜಿನಿಂದ ಒಂದು ಪತ್ರ ತೆಗೆದು ಸಹಿ ಹಾಕಿ ಅವಳ ಕೈಗಿಟ್ಟರು. ನಿಮಿಯಾ ಕಣ್ಣರಳಿಸಿ ಓದಿದಳು. ತಾತ್ಕಾಲಿಕ ನೌಕರಿಯನ್ನು ಇನ್ನೂ ಮೂರು ತಿಂಗಳು ಮುಂದುವರಿಸಲಾಗಿದೆ.

ತಲೆಯೆತ್ತಿದಾಗ ಮೇಡಂ ಅವಳ ಹಾಳೆಯ ಮೇಲೆ ಬಗ್ಗಿದ್ದರು. ಕೊನೆಯ ಹೆಸರಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ದುಂಡಗೆ ಬರೆಯುತ್ತಿದ್ದರು: ಸಂತ ತೋಮಸ್, ಎರಡು ಲೋಟ.